ಝೂಮ್ ಮಾಡಿದರೆ ಎಲೆಚುಕ್ಕಿ ಕಂಡೀತೇ?

ತೋಟದಲ್ಲಿ ಕತ್ತು ಮೇಲೆತ್ತಿ, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತವರು ಈಗ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಎಲ್ಲಿ ಹೋದರೂ ಸಿಗುತ್ತಾರೆ. 2022ರ ಮಳೆಗಾಲದಲ್ಲಿ ಮಲೆನಾಡು, ಕರಾವಳಿಯಲ್ಲಿ ಎಲೆಚುಕ್ಕಿ ರೋಗ ದೊಡ್ಡ ಸುದ್ದಿಯಾದ ಮೇಲೆ ಈ ಕತ್ತು ಎತ್ತುವ ಕೆಲಸ ಜಾಸ್ತಿಯಾಗಿದೆ. ಸೋಗೆ ಸ್ವಲ್ಪ ಕೆಂಪಾಗಿ ಕಂಡರೆ ಸಾಕು, ಫೋನ್ ಜೇಬಿನಿಂದ ಹೊರಗೆ ಬಂತು. ಪರದೆಯ ಮೇಲೆ ಎರಡು ಬೆರಳು ಇಟ್ಟು ಅಗಲಿಸಿದರೆ ಸೋಗೆ ‘ಹತ್ತಿರ’ ಬಂತು. ಒಂದು ಫೋಟೋ. ಅದು ವಾಟ್ಸ್‌ಆ್ಯಪ್‌ನಲ್ಲಿ ತೋಟಗಾರಿಕೆ ಇಲಾಖೆಯವರಿಗೋ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಗೊಬ್ಬರದ ಅಂಗಡಿಯವರಿಗೋ ಹೋಯಿತು.

ಅತ್ತಲಿಂದ ಬರುವ ಉತ್ತರ ಹೆಚ್ಚಾಗಿ ಒಂದೇ. “ಸ್ಪಷ್ಟ ಇಲ್ಲ, ಇನ್ನೊಂದು ಕಳಿಸಿ.”

ಇಷ್ಟಕ್ಕೇ ನಿಂತರೆ ಚಿಂತೆಯಿಲ್ಲ. ಸ್ಪಷ್ಟ ಇಲ್ಲದ ಫೋಟೋ ನೋಡಿಯೇ ಮದ್ದು ಹೇಳುವವರೂ ಇದ್ದಾರಲ್ಲ, ಕಷ್ಟ ಇರುವುದು ಅಲ್ಲಿ. ಮಸುಕಾದ ಚಿತ್ರದಲ್ಲಿ ಕೆಂಪು ನುಸಿ ತಿಂದ ಸೋಗೆ, ನೀರು ನಿಂತು ಹಳದಿಯಾದ ಸೋಗೆ, ಪೊಟ್ಯಾಷ್ ಸಾಲದ ಸೋಗೆ, ಎಲೆಚುಕ್ಕಿಯ ಸೋಗೆ ಎಲ್ಲಾ ಹೆಚ್ಚುಕಡಿಮೆ ಒಂದೇ ಥರ. ಶಿಲೀಂಧ್ರಕ್ಕೆ ಹೊಡೆಯುವ ಮದ್ದು ನುಸಿಗೆ ನಾಟುವುದಿಲ್ಲ. ನುಸಿಯ ಮದ್ದು ಎಲೆಚುಕ್ಕಿಗೆ ಏನೂ ಮಾಡುವುದಿಲ್ಲ. ಕೊನೆಗೌಡರು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ಒಂದು ಸುತ್ತು ಮದ್ದು ಹೊಡೆಸುವುದು ಎಂದರೆ ಸಣ್ಣ ಹಿಡುವಳಿದಾರನಿಗೆ ಸಣ್ಣ ಖರ್ಚಲ್ಲ. ಮಳೆ ಬಿಡುವು ಕೊಟ್ಟ ಎರಡು ದಿನವೂ ಹೋಯಿತು.

ಹಾಗಾಗಿ ಈ ಝೂಮ್ ಎಂದರೆ ಏನು, ಅದರಿಂದ ಎಷ್ಟು ಕೆಲಸ ಆಗುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂದು ನಾವು ತಿಳಿದಿರುವುದು ಒಳ್ಳೆಯದು. ಪಂಪಿನ ನಾಝಲ್ ತಿಳಿದಷ್ಟೇ ಅಗತ್ಯ ಎಂದರೂ ತಪ್ಪಿಲ್ಲ.

ಎರಡು ಝೂಮ್, ಒಂದೇ ಹೆಸರು

ಝೂಮ್‌ನಲ್ಲಿ ಎರಡು ಜಾತಿ. ಒಂದು ಗಾಜಿನದು. ಲೆನ್ಸಿನ ಒಳಗಿನ ಗಾಜುಗಳು ಹಿಂದೆ ಮುಂದೆ ಸರಿದು, ಅಥವಾ ಬೇರೆಯೇ ಒಂದು ದೂರದ ಲೆನ್ಸ್ ಕೆಲಸಕ್ಕೆ ಇಳಿದು, ದೂರದ ವಸ್ತುವನ್ನು ನಿಜವಾಗಿ ದೊಡ್ಡದಾಗಿ ಸೆನ್ಸರಿನ ಮೇಲೆ ಬೀಳಿಸುತ್ತದೆ. ಇದಕ್ಕೆ ಆಪ್ಟಿಕಲ್ ಝೂಮ್ ಅನ್ನುತ್ತಾರೆ. ಬೈನಾಕ್ಯುಲರ್ ಮಾಡುವ ಕೆಲಸವೂ ಇದೇ.

ಇನ್ನೊಂದು ಲೆಕ್ಕದ್ದು. ಡಿಜಿಟಲ್ ಝೂಮ್. ಇಲ್ಲಿ ಗಾಜು ಒಂದಿಂಚೂ ಕದಲುವುದಿಲ್ಲ. ಫೋನು ಚಿತ್ರದ ನಡುವಿನ ತುಂಡನ್ನು ಕತ್ತರಿಸಿಕೊಳ್ಳುತ್ತದೆ, ಉಳಿದದ್ದನ್ನು ಎಸೆಯುತ್ತದೆ. ಆ ಸಣ್ಣ ತುಂಡನ್ನು ಎಳೆದು ಪೂರ್ತಿ ಚಿತ್ರದ ಅಳತೆಗೆ ತರುತ್ತದೆ. ಎಳೆದಾಗ ನಡುವೆ ಬಿದ್ದ ಖಾಲಿ ಜಾಗಕ್ಕೆ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನ ಬಣ್ಣ ತುಂಬುತ್ತದೆ. ಮಜ್ಜಿಗೆಗೆ ನೀರು ಸೇರಿಸಿದ ಹಾಗೆ. ಚೊಂಬು ತುಂಬಿತು, ಮೊಸರು ಇದ್ದಷ್ಟೇ ಇತ್ತು.

ಲೆಕ್ಕ ಹಾಕಿ ನೋಡಿ. ಈಗಿನ ಹೆಚ್ಚಿನ ಫೋನುಗಳು ಕೊಡುವ ಚಿತ್ರ ಸುಮಾರು 12 ಮೆಗಾಪಿಕ್ಸೆಲ್‌ನದು. ಅಂದರೆ ಉದ್ದಕ್ಕೆ 4000, ಅಗಲಕ್ಕೆ 3000, ಒಟ್ಟು 120 ಲಕ್ಷ ಬಣ್ಣದ ಕಾಳು. ಪಿಕ್ಸೆಲ್ ಎಂದರೆ ಈ ಕಾಳು. 2 ಎಕ್ಸ್ ಡಿಜಿಟಲ್ ಝೂಮ್ ಹಾಕಿದಿರಿ ಅನ್ನಿ. ಉದ್ದ ಅರ್ಧ, ಅಗಲವೂ ಅರ್ಧ. ಉಳಿದದ್ದು 2000 ಮತ್ತು 1500, ಒಟ್ಟು 30 ಲಕ್ಷ. ಅಂದರೆ ಕಾಲು ಭಾಗ! ಎರಡು ಪಟ್ಟು ಹತ್ತಿರ ಬಂದರೆ ಅರ್ಧ ಹೋಗಬಹುದು ಎಂದು ನಾವೆಣಿಸುತ್ತೇವೆ, ಹೋಗುವುದು ಮುಕ್ಕಾಲು. 4 ಎಕ್ಸ್‌ನಲ್ಲಿ ಉಳಿಯುವುದು ಹದಿನಾರರಲ್ಲಿ ಒಂದು ಪಾಲು, ಏಳೂವರೆ ಲಕ್ಷ. 10 ಎಕ್ಸ್‌ನಲ್ಲಿ ನೂರರಲ್ಲಿ ಒಂದು, 1 ಲಕ್ಷ 20 ಸಾವಿರ ಅಷ್ಟೇ. ಆದರೂ ಫೋನು ಮಾತ್ರ ಇದು 12 ಮೆಗಾಪಿಕ್ಸೆಲ್ ಚಿತ್ರ ಎಂದೇ ಬರೆದುಕೊಳ್ಳುತ್ತದೆ. ಫೈಲಿನ ಅಳತೆ ನೋಡಿ ನಂಬುವ ಹಾಗಿಲ್ಲ.

ಕೊಡಾಕ್ ಕಂಪೆನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮರಾ ಕಟ್ಟಿದರು. ಅದರಲ್ಲಿದ್ದದ್ದು ಉದ್ದ ನೂರು, ಅಗಲ ನೂರು, ಒಟ್ಟು ಹತ್ತು ಸಾವಿರ ಕಾಳು. ಇವತ್ತಿನ 12 ಮೆಗಾಪಿಕ್ಸೆಲ್ ಫೋನಿಗೆ 40 ಎಕ್ಸ್ ಡಿಜಿಟಲ್ ಝೂಮ್ ಕೊಟ್ಟರೆ ಉಳಿಯುವುದು ಉದ್ದ 100, ಅಗಲ 75. ಏಳೂವರೆ ಸಾವಿರ. ಸಾವಿರಗಟ್ಟಲೆ ಕೊಟ್ಟು ತಂದ ಫೋನನ್ನು ಎರಡು ಬೆರಳಲ್ಲಿ ಐವತ್ತು ವರ್ಷ ಹಿಂದಕ್ಕೆ ಕಳಿಸಿದ ಹಾಗಾಯಿತು.

ಫೋನಿನ ಬೆನ್ನಲ್ಲಿ ಮೂರು ನಾಲ್ಕು ಕಣ್ಣು ಇದೆಯಲ್ಲ ಅನ್ನಬಹುದು. ಕಡಿಮೆ ಬೆಲೆಯ ಬಹಳಷ್ಟು ಫೋನುಗಳಲ್ಲಿ ಅವು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಒಂದು ಸರಿಯಾದ ಲೆನ್ಸ್, ಪಕ್ಕದಲ್ಲಿ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಒಂದು, ಹಿನ್ನೆಲೆ ಮಸುಕು ಮಾಡಲಿಕ್ಕೆ ಇನ್ನೊಂದು. ಝೂಮ್ ಮಾಡುವ ಲೆನ್ಸ್ ಅಲ್ಲಿ ಇಲ್ಲವೇ ಇಲ್ಲ.

ನಲವತ್ತು ಅಡಿ ಮರ, ನಾಲ್ಕು ಮಿಲಿಮೀಟರ್ ಚುಕ್ಕಿ

ಮುರ್ಡೇಶ್ವರಕ್ಕೆ ಬರುವ ಪ್ರವಾಸಿಗಳು ರಾಜಗೋಪುರದ ಲಿಫ್ಟಿನಲ್ಲಿ ಮೇಲೆ ಹೋಗುತ್ತಾರೆ. ಕೆಳಗಿನ 123 ಅಡಿಯ ಶಿವನ ಮೂರ್ತಿಯ ಫೋಟೋ ಚೆಂದ ಬರುತ್ತದೆ. ಆಮೇಲೆ ಪಡುವಣಕ್ಕೆ ತಿರುಗಿ ಸಮುದ್ರದ ನೇತ್ರಾಣಿ ಗುಡ್ಡಕ್ಕೆ ಝೂಮ್ ಹಾಕುತ್ತಾರೆ. ಅಲ್ಲಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ಅಷ್ಟು ದೂರಕ್ಕೆ ಸಾಮಾನ್ಯ ಫೋನಿನ ಒಂದು ಕಾಳಿನಲ್ಲಿ ಆರು ಮೀಟರಿಗಿಂತ ಹೆಚ್ಚು ಅಗಲದ ಜಾಗ ಕೂತಿರುತ್ತದೆ. 20 ಮೀಟರ್ ಉದ್ದದ ಮೀನು ದೋಣಿ ಎಂದರೆ ಮೂರು ಕಾಳು. ಅದನ್ನು ಎಷ್ಟು ಎಳೆದರೂ ದೋಣಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ತಿಳಿಯುವುದಿಲ್ಲ. ತಿಳಿಯುವ ವಿಷಯ ಆ ಚಿತ್ರದೊಳಗೆ ಬಂದೇ ಇಲ್ಲ.

ಇದೇ ಲೆಕ್ಕವನ್ನು ತೋಟಕ್ಕೆ ತನ್ನಿ. ಫೋನಿನ ಮುಖ್ಯ ಲೆನ್ಸ್ 12 ಮೀಟರ್ ದೂರದಲ್ಲಿ, ಅಂದರೆ ನಲವತ್ತಡಿ ಮರದ ತುದಿಯಲ್ಲಿ, ಸುಮಾರು 16 ಮೀಟರ್ ಉದ್ದದ ಜಾಗವನ್ನು ಚಿತ್ರಕ್ಕೆ ತುಂಬಿಕೊಳ್ಳುತ್ತದೆ. 16 ಮೀಟರನ್ನು 4000 ಕಾಳಿಗೆ ಹಂಚಿ. ಒಂದು ಕಾಳಿಗೆ ನಾಲ್ಕು ಮಿಲಿಮೀಟರ್. ಎಲೆಚುಕ್ಕಿ ಶುರುವಾದಾಗ ಒಂದು ಚುಕ್ಕಿಯೇ ಹೆಚ್ಚುಕಡಿಮೆ ಅಷ್ಟು ಇರುತ್ತದೆ. ನಡುವೆ ಕಂದು ಅಥವಾ ಬೂದಿ ಬಣ್ಣ, ಸುತ್ತ ಹಳದಿ ಉಂಗುರ. ರೋಗದ ಗುರುತು ಹಿಡಿಯುವುದೇ ಆ ಉಂಗುರದಲ್ಲಿ. ಅಷ್ಟೂ ಒಂದೇ ಕಾಳಿನಲ್ಲಿ ಕಲಸಿ ಒಂದೇ ಬಣ್ಣವಾಗಿ ಹೋಯಿತು! ನೀವು 10 ಎಕ್ಸ್ ಝೂಮ್ ಮಾಡಿದಿರಿ. ಆ ಒಂದು ಕಾಳು ಉದ್ದ ಹತ್ತು, ಅಗಲ ಹತ್ತು ಕಾಳಿನಷ್ಟು ದೊಡ್ಡ ಕಲೆಯಾಗಿ ಕಂಡಿತು. ಉಂಗುರ ಮಾತ್ರ ಬರಲಿಲ್ಲ.

ಲೆಕ್ಕ ಪುಸ್ತಕದಲ್ಲಿ ಇರುವುದು ಬೇಡ ಎಂದು ಒಂದು ದಿನ ತೋಟದಲ್ಲೇ ಮಾಡಿ ನೋಡಿದೆ. ಒಂದು ಬಿಳಿ ಕಾಗದದ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಮಿಲಿಮೀಟರಿನ ಕಂದು ಚುಕ್ಕಿ ಹತ್ತಾರು ಹಾಕಿ, ಅರ್ಧಕ್ಕೆ ಹಳದಿ ಉಂಗುರ ಬರೆದು, ಅರ್ಧವನ್ನು ಹಾಗೇ ಬಿಟ್ಟೆ. ಕಾಗದವನ್ನು ರಟ್ಟಿಗೆ ಅಂಟಿಸಿ ಒಂದು ಮರಕ್ಕೆ ಎದೆಯೆತ್ತರದಲ್ಲಿ ಕಟ್ಟಿದೆ. ಹನ್ನೆರಡು ಮೀಟರ್ ಅಳೆದು ನಿಂತು 1, 2, 4, 8 ಎಕ್ಸ್‌ನಲ್ಲಿ ಫೋಟೋ ತೆಗೆದೆ. ಮರ ಹತ್ತುವ ಗೋಜಿಲ್ಲ, ಗಾಳಿಗೆ ಸೋಗೆ ಅಲ್ಲಾಡುವ ಕಷ್ಟವೂ ಇಲ್ಲ. ಫೋನಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇಲ್ಲ.

ಎಲ್ಲಾ ಫೋಟೋವನ್ನೂ ಒಂದೇ ಅಳತೆಗೆ ದೊಡ್ಡ ಮಾಡಿ ನೋಡಿದರೆ 1 ಎಕ್ಸ್‌ನದಕ್ಕೂ 8 ಎಕ್ಸ್‌ನದಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. 8 ಎಕ್ಸ್‌ನದು ನುಣುಪಾಗಿದೆ, ನೀರು ತಾಗಿದ ಬಣ್ಣದ ಚಿತ್ರದ ಹಾಗೆ. ಉಂಗುರ ಇದ್ದ ಚುಕ್ಕಿ ಯಾವುದು, ಇಲ್ಲದ್ದು ಯಾವುದು ಎಂದು ಬರೆದ ನನಗೇ ಗೊತ್ತಾಗಲಿಲ್ಲ. ಬೆಂಗಳೂರಿಂದ ಬಂದಿದ್ದ ಭಾವನ ಮಗನ ಫೋನಿನಲ್ಲಿ 3 ಎಕ್ಸ್‌ನ ನಿಜವಾದ ಲೆನ್ಸ್ ಇತ್ತು. ಅದರಲ್ಲಿ ಚುಕ್ಕಿ ಬೇರೆ ಬೇರೆಯಾಗಿ ಕಂಡವು. ಉಂಗುರ ಮಾತ್ರ ಅನುಮಾನವೇ. “ಮಾವ, ಇದ್ರಲ್ಲಿ ಮೂವತ್ತು ಎಕ್ಸ್ ತನ್ಕ ಉಂಟು” ಎಂದ. ಹಾಕಿ ನೋಡಿದೆವು. ಇಬ್ಬರೂ ಮಾತಾಡಲಿಲ್ಲ.

ಅದೇ ಕಾಗದದ ಹತ್ತಿರ ಹೋಗಿ ಒಂದಡಿ ದೂರದಿಂದ ನಮ್ಮ ಹಳೇ ಫೋನಿನಲ್ಲಿ ಝೂಮ್ ಇಲ್ಲದೆ ತೆಗೆದದ್ದರಲ್ಲಿ ಸ್ಕೆಚ್ ಪೆನ್ನಿನ ಗೆರೆ ಕಾಗದಕ್ಕೆ ಇಂಗಿದ್ದೂ ಕಾಣುತ್ತದೆ. ಒಂದಡಿಯಲ್ಲಿ ಒಂದು ಕಾಳಿಗೆ ಬರುವುದು ಮಿಲಿಮೀಟರಿನ ಹತ್ತನೇ ಒಂದು ಪಾಲು. ನಾಲ್ಕು ಮಿಲಿಮೀಟರ್ ಚುಕ್ಕಿಗೆ ನಲವತ್ತು ಕಾಳು ಸಿಕ್ಕಿತು. ಉಂಗುರ, ಬೂದಿ ಬಣ್ಣ, ಚುಕ್ಕಿಗಳು ಒಂದಕ್ಕೊಂದು ಕೂಡಿದ್ದು, ಯಾವುದೂ ತಪ್ಪುವುದಿಲ್ಲ.

ಫೋನ್ ಮೇಲೆ ಹೋಗದಿದ್ದರೆ ಸೋಗೆ ಕೆಳಗೆ ಬರಲಿ

ಉಪಾಯ ಇಷ್ಟೇ. ದೋಟಿ ಇದ್ದವರು ದೋಟಿಯಲ್ಲಿ, ಇಲ್ಲದವರು ಕೊನೆಗೌಡರು ಮರ ಹತ್ತಿದ ದಿನ, ಸಂಶಯ ಇರುವ ಸೋಗೆಯ ಎರಡು ಮೂರು ಎಲೆಗಳನ್ನು ಕೆಳಗೆ ಇಳಿಸಿ. ಇಡೀ ಹೆಡಲು ಕಡಿಯಬೇಕಾಗಿಲ್ಲ. ಆಗಷ್ಟೇ ಬಿದ್ದ ಹೆಡಲೂ ನಡೆಯುತ್ತದೆ, ಆದರೆ ಒಣಗಿ ಮಣ್ಣಿಗೆ ತಾಗಿದ್ದು ಬೇಡ. ಅದರಲ್ಲಿ ಸತ್ತ ಎಲೆಯ ಮೇಲೆ ಬೆಳೆಯುವ ಬೇರೆ ಬೂಸ್ಟುಗಳೂ ಇರುತ್ತವೆ. ಗಾಳಿ ಮಳೆ ಇಲ್ಲದ ಜಗಲಿಯ ಅಂಚಿಗೆ ತನ್ನಿ. ನೇರ ಬಿಸಿಲು ಬೇಡ, ಬೆಳಕು ಬೇಕು. ಮಳೆಗಾಲದ ತೋಟದೊಳಗೆ ಎಷ್ಟು ಕತ್ತಲೆ ಎಂದು ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಫೋನಿಗೆ ಗೊತ್ತಾಗುತ್ತದೆ. ಕತ್ತಲೆಯಲ್ಲಿ ತೆಗೆದ ಚಿತ್ರದಲ್ಲಿ ರವೆ ಚೆಲ್ಲಿದ ಹಾಗೆ ಬಣ್ಣದ ಚೂರು ಬರುತ್ತದೆ. ಫೋನು ಅದನ್ನು ಒರೆಸಲು ಹೋಗಿ ಎಲೆಯ ನರವನ್ನೂ ಒರೆಸಿಬಿಡುತ್ತದೆ.

ಎಲೆಯ ಅಡಿಗೆ ಬಿಳಿ ಕಾಗದ ಹಾಕಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ನೋಡುವವರಿಗೆ ಚುಕ್ಕಿಯ ಅಳತೆ, ಬಣ್ಣ ಎರಡೂ ತಿಳಿಯುತ್ತದೆ. ಫೋನಿನ ಪರದೆಯಲ್ಲಿ ಚುಕ್ಕಿಯ ಮೇಲೆ ಬೆರಳು ಮುಟ್ಟಿಸಿ, ಫೋಕಸ್ ಅಲ್ಲಿ ಕೂತ ಮೇಲೆ ಒತ್ತಿ. ಮೂರು ಫೋಟೋ ಸಾಕು. ಎಲೆಯ ಮೇಲ್ಮೈ, ಎಲೆಯ ಅಡಿ, ದೂರದಿಂದ ಇಡೀ ಮರ. ಎಲೆಯ ಅಡಿಯದ್ದನ್ನು ಜನ ಮರೆಯುತ್ತಾರೆ, ನುಸಿ ಇರುವುದೇ ಅಲ್ಲಿ. ಇಡೀ ಮರದ ಫೋಟೋ ಯಾಕೆಂದರೆ ಕೆಳಗಿನ ಸೋಗೆಗೆ ಮೊದಲು ಬಂದಿದೆಯೋ, ಸುಳಿಗೆ ಬಂದಿದೆಯೋ ಎಂಬುದೂ ಒಂದು ಸಾಕ್ಷಿ.

ಫೋನನ್ನು ಎಲೆಗೆ ಮೂಗು ತಾಗಿಸುವಷ್ಟು ಹತ್ತಿರ ಒಯ್ಯುವುದೂ ಸರಿಯಲ್ಲ. ಮುಖ್ಯ ಲೆನ್ಸಿಗೆ ಒಂದು ಗೇಣಿನ ಆಸುಪಾಸು ಮಿತಿ ಇರುತ್ತದೆ. ಅದಕ್ಕಿಂತ ಒಳಗೆ ಹೋದರೆ ಮಸುಕು. ಫೋನಿನ ನೆರಳೂ ಎಲೆ ಮೇಲೆ ಬೀಳುತ್ತದೆ. ಇಂಥಲ್ಲಿ ಸ್ವಲ್ಪ ಹಿಂದೆ ಸರಿದು 2 ಎಕ್ಸ್ ಹಾಕುವುದು ಒಳ್ಳೆಯ ಕ್ರಮ. ಹೌದು, ಝೂಮ್‌ಗೆ ಇಲ್ಲಿ ಮರ್ಯಾದೆ ಉಂಟು. 48 ಅಥವಾ 50 ಮೆಗಾಪಿಕ್ಸೆಲ್ ಸೆನ್ಸರ್ ಇರುವ ಫೋನುಗಳು ಸಾಮಾನ್ಯವಾಗಿ ನಾಲ್ಕು ಕಾಳನ್ನು ಕೂಡಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತವೆ. ಇವುಗಳಲ್ಲಿ ಕೆಲವು 2 ಎಕ್ಸ್ ಹಾಕಿದಾಗ ಕೂಡಿಸುವುದನ್ನು ಬಿಟ್ಟು, ನಡುವಿನ ಭಾಗದ ಕಾಳುಗಳನ್ನು ಬಿಡಿಬಿಡಿಯಾಗಿ ಓದುತ್ತವೆ. ಬೆಳಕು ಚೆನ್ನಾಗಿದ್ದರೆ ಈ 2 ಎಕ್ಸ್‌ನಲ್ಲಿ ಕಳೆದುಕೊಳ್ಳುವುದು ಕಡಿಮೆ. ಅದರಾಚೆಗೆ ಬೆರಳು ಅಗಲಿಸಿದ್ದೆಲ್ಲ ಮಜ್ಜಿಗೆಯೇ.

ನುಸಿಗೆ ಇದೂ ಸಾಲದು. ತೆಂಗಿನ ಕಾಯಿಗೆ ಬರುವ ನುಸಿ ಉಂಟಲ್ಲ, 1998ರಲ್ಲಿ ಕೇರಳದಲ್ಲಿ ಕಂಡು ನಮ್ಮಲ್ಲಿಗೂ ಬಂದದ್ದು, ಅದರ ಉದ್ದ ಮಿಲಿಮೀಟರಿನ ಐದನೇ ಒಂದು ಪಾಲು. ಒಂದಡಿಯಿಂದ ತೆಗೆದರೆ ಎರಡೇ ಕಾಳು. ಇದಕ್ಕೆ ಅಕ್ಕಸಾಲಿಗರು, ಗಡಿಯಾರ ರಿಪೇರಿಯವರು ಬಳಸುವ 10 ಎಕ್ಸ್‌ನ ಕಣ್ಣುಗಾಜು ತಂದುಕೊಳ್ಳಿ. ಅದನ್ನು ಫೋನಿನ ಮುಖ್ಯ ಲೆನ್ಸಿಗೆ ಮುಟ್ಟಿಸಿ ಹಿಡಿದು, ವಸ್ತುವಿಗೆ ಒಂದಿಂಚು ಹತ್ತಿರ ಹೋಗಿ. ಫೋನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದಾಗ ಒಂದು ಕಡೆ ಸ್ಪಷ್ಟವಾಗುತ್ತದೆ. ಸುಮಾರು ಮೂರು ಸೆಂಟಿಮೀಟರ್ ಜಾಗ ಚಿತ್ರ ತುಂಬುತ್ತದೆ, ನುಸಿಗೆ ಇಪ್ಪತ್ತಕ್ಕೂ ಹೆಚ್ಚು ಕಾಳು ಸಿಗುತ್ತದೆ. ಅಂಚು ಮಸುಕು ಬಂದರೆ ಬರಲಿ, ನಡು ಸಾಕು. ಇದು ಗಾಜಿನ ಝೂಮ್, ಸುಳ್ಳು ಹೇಳುವುದಿಲ್ಲ. ಭಟ್ಕಳ ಮಲ್ಲಿಗೆಯ ಮೊಗ್ಗಿನೊಳಗಿನ ಹುಳ, ಕುಮಟಾ ಸಿಹಿ ಈರುಳ್ಳಿಯ ಎಲೆಸಂದಿನ ಥ್ರಿಪ್ಸ್, ಇವಕ್ಕೂ ಇದೇ ಗಾಜು ಸಾಕಾಗುತ್ತದೆ. ಮಲ್ಲಿಗೆ, ಈರುಳ್ಳಿಯವರಿಗೆ ನಮ್ಮಷ್ಟು ಕಷ್ಟವಿಲ್ಲ, ಗಿಡ ಕೈಗೆ ಎಟಕುತ್ತದೆ. ಆದರೂ ನಿಂತಲ್ಲಿಂದಲೇ ಝೂಮ್ ಮಾಡುವ ಅಭ್ಯಾಸ ಬಿಡುವುದಿಲ್ಲ. ಬಗ್ಗಬೇಕು ಮಾರಾಯ್ರೇ.

ಮರದ ತುದಿಯನ್ನು ನೋಡಲಿಕ್ಕೆ ಮಾತ್ರ ಬೇಕು, ಫೋಟೋ ಬೇಡ ಅನ್ನುವವರಿಗೆ 8 ಎಕ್ಸ್‌ನ ಬೈನಾಕ್ಯುಲರ್ ಫೋನಿಗಿಂತ ಎಷ್ಟೋ ಮೇಲು. ಅದರ ಕಣ್ಣಿಗೆ ಫೋನ್ ಹಿಡಿದು ಚಿತ್ರ ತೆಗೆಯಲೂ ಬರುತ್ತದೆ, ಆದರೆ ತಾಳ್ಮೆ ಬೇಕು.

ವಾಟ್ಸ್‌ಆ್ಯಪ್‌ನ ಕತ್ತರಿ

ಇಲ್ಲಿ ಒಂದು ಸೂಕ್ಷ್ಮ ಇದೆ. ಝೂಮ್ ಮಾಡಬೇಡಿ ಎಂದು ಕೇಳಿದವರು ಇಡೀ ಮರದ ಫೋಟೋ ತೆಗೆದು ಹಾಗೇ ಕಳಿಸಿ, “ಬೇಕಾದಲ್ಲಿ ಅವರೇ ದೊಡ್ಡ ಮಾಡಿ ನೋಡ್ಲಿ” ಎನ್ನುತ್ತಾರೆ. ಆಗುವುದಿಲ್ಲ. ವಾಟ್ಸ್‌ಆ್ಯಪ್ ಮಾಮೂಲಿ ಕ್ರಮದಲ್ಲಿ ಫೋಟೋ ಕಳಿಸುವಾಗ 4000 ಕಾಳಿನ ಉದ್ದವನ್ನು ಸುಮಾರು 1600ಕ್ಕೆ ಇಳಿಸುತ್ತದೆ. ಹತ್ತಿರದಿಂದ ತೆಗೆದ ಎಲೆಯ ಫೋಟೋಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ಇಡೀ ಚಿತ್ರದ ಮೂಲೆಯಲ್ಲೆಲ್ಲೋ ಇರುವ ಸೋಗೆಗೆ ಉಳಿಯುವುದು ಏನೂ ಇಲ್ಲ. ಈ ಲೆಕ್ಕದಲ್ಲಿ, ಝೂಮ್ ಮಾಡಿ ತೆಗೆದು ಕಳಿಸಿದ್ದೇ ಝೂಮ್ ಮಾಡದೆ ಇಡಿಯಾಗಿ ಕಳಿಸಿದ್ದಕ್ಕಿಂತ ವಾಸಿ ಆಗಬಹುದು!

ಸರಿಯಾದ ದಾರಿ ಎರಡು. ಒಂದು, ಝೂಮ್ ಇಲ್ಲದೆ ತೆಗೆದು, ಆಮೇಲೆ ಗ್ಯಾಲರಿಯಲ್ಲಿ ಬೇಕಾದ ಭಾಗವನ್ನು ನೀವೇ ಕತ್ತರಿಸಿ ಕಳಿಸಿ. ಕತ್ತರಿಸಿದ್ದಕ್ಕೂ ಡಿಜಿಟಲ್ ಝೂಮಿಗೂ ಮೂಲದಲ್ಲಿ ವ್ಯತ್ಯಾಸ ಸ್ವಲ್ಪವೇ. ಆದರೆ ಪೂರ್ತಿ ಚಿತ್ರ ನಿಮ್ಮ ಕೈಲಿ ಉಳಿಯುತ್ತದೆ, ಪಕ್ಕದ ಸೋಗೆ ನೋಡಬೇಕೆಂದರೆ ಅದೂ ಇದೆ. ಝೂಮ್ ಮಾಡಿ ತೆಗೆದದ್ದರಲ್ಲಿ ಎಸೆದದ್ದು ಎಸೆದದ್ದೇ. ಎರಡು, ಫೋಟೋವನ್ನು ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ. ಆಗ ವಾಟ್ಸ್‌ಆ್ಯಪ್ ಒಂದು ಕಾಳನ್ನೂ ಮುಟ್ಟುವುದಿಲ್ಲ. 2023ರಿಂದ ‘ಎಚ್‌ಡಿ’ ಎಂಬ ಗುಂಡಿಯೂ ಬಂದಿದೆ. ಅದನ್ನು ಒತ್ತಿದರೆ ಇಳಿಸುವುದು ಕಡಿಮೆ, ಆದರೆ ಇಳಿಸುತ್ತದೆ. ನೆಟ್‌ವರ್ಕ್ ಸಿಗದ ಘಟ್ಟದ ಬುಡದ ಊರುಗಳಲ್ಲಿ ಡಾಕ್ಯುಮೆಂಟ್ ಹೋಗಲು ಹೊತ್ತು ಹಿಡಿಯುತ್ತದೆ. ಅಂಥವರಿಗೆ ಕತ್ತರಿಸಿ ಕಳಿಸುವುದೇ ಲೇಸು.

ಇಲ್ಲದ್ದನ್ನು ಬರೆಯುವ ಫೋನು

ಹೊಸ ಫೋನಿನವರು ಓದಲೇಬೇಕಾದ ಮಾತು ಇದು. ಈಚಿನ ಫೋನುಗಳು ಬರೀ ಎಳೆಯುವುದಿಲ್ಲ. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 3 ಫೋನಿನಲ್ಲಿ ಒಂದು ಜಾಣತನ ತಂದಿತು. ಒಂದೇ ಒತ್ತಿಗೆ ಹಲವು ಚಿತ್ರ ತೆಗೆದು, ಕೈನಡುಕದಿಂದ ಅವುಗಳ ನಡುವೆ ಆದ ಸಣ್ಣ ಸರಿದಾಟವನ್ನೇ ಬಳಸಿ ಹೆಚ್ಚಿನ ವಿವರ ಕೂಡಿಸುವುದು. ಇದು ಪ್ರಾಮಾಣಿಕ ಕೆಲಸ. ಕಂಡದ್ದನ್ನೇ ಕೂಡಿಸಿದ್ದು.

ಮುಂದಿನ ಹೆಜ್ಜೆ ಹಾಗಲ್ಲ. ಲಕ್ಷಗಟ್ಟಲೆ ಚಿತ್ರ ನೋಡಿ ಕಲಿತ ಕೃತಕ ಬುದ್ಧಿ, ಇಲ್ಲಿ ಹೀಗಿದ್ದಿರಬೇಕು ಎಂದು ಊಹಿಸಿ ವಿವರ ಬರೆಯುತ್ತದೆ. 2023ರ ಮಾರ್ಚಿನಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ ಕಂಪ್ಯೂಟರ್ ಪರದೆ ಮೇಲೆ ಇಟ್ಟು, ಕೋಣೆ ಕತ್ತಲೆ ಮಾಡಿ, ದೂರದಿಂದ ಸ್ಯಾಮ್‌ಸಂಗ್‌ನ ದುಬಾರಿ ಫೋನಿನಲ್ಲಿ ಝೂಮ್ ಮಾಡಿ ತೆಗೆದರು. ಮಸುಕು ಚಿತ್ರದಲ್ಲಿ ಇಲ್ಲದೇ ಇದ್ದ ಕುಳಿಗಳು ಫೋಟೋದಲ್ಲಿ ಬಂದವು! ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುವ ಏರ್ಪಾಡು ಫೋನಿನಲ್ಲಿ ಇದೆ ಎಂದು ಕಂಪೆನಿಯೂ ವಿವರಿಸಿತು. 2025ರಲ್ಲಿ ಬಂದ ಗೂಗಲ್‌ನ ಪಿಕ್ಸೆಲ್ 10 ಪ್ರೋದಲ್ಲಿ 100 ಎಕ್ಸ್‌ವರೆಗಿನ ಝೂಮಿಗೆ ಚಿತ್ರ ಬರೆಯುವ ಕೃತಕ ಬುದ್ಧಿಯನ್ನೇ ಬಳಸಿದ್ದಾರೆ.

ಚಂದ್ರನ ಕುಳಿ ಹೆಚ್ಚಾದರೆ ನಮಗೇನೂ ನಷ್ಟವಿಲ್ಲ. ಎಲೆಯ ಮೇಲೆ ಹಾಗೆ ಮಾಡಿದರೆ? ಧೂಳಿನ ಕಲೆಗೆ ಚೂಪಾದ ಅಂಚು ಕೊಟ್ಟು ರೋಗದ ಚುಕ್ಕಿ ಮಾಡಬಹುದು. ನಿಜವಾದ ಚುಕ್ಕಿಯನ್ನು ಕೊಳೆ ಎಂದು ತಿಳಿದು ಒರೆಸಿ ಹಸಿರು ತುಂಬಬಹುದು. ಮೊದಲಾದರೆ ಮಸುಕಾದ ಫೋಟೋ ನೋಡಿದ ವಿಜ್ಞಾನಿ “ಗೊತ್ತಾಗುವುದಿಲ್ಲ” ಅನ್ನುತ್ತಿದ್ದರು. ಈಗ ಚೂಪಾದ ಫೋಟೋ ನೋಡಿ ಗೊತ್ತಾಯಿತು ಎಂದುಕೊಳ್ಳುವ ಅಪಾಯ. ನನ್ನ ಅಭಿಪ್ರಾಯದಲ್ಲಿ ಮಸುಕೇ ಮೇಲು. ಅದು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತದೆ.

ಬೆರಳು ಮುಚ್ಚಿ ನೋಡಿ

ನಿಮ್ಮ ಫೋನಿನಲ್ಲಿ ನಿಜವಾದ ದೂರದ ಲೆನ್ಸ್ ಇದೆಯೋ ಇಲ್ಲವೋ ತಿಳಿಯಲು ಪೆಟ್ಟಿಗೆಯ ಮೇಲಿನ ಬರಹ ಓದಬೇಕಾಗಿಲ್ಲ. ಕ್ಯಾಮರಾ ತೆರೆದು 3 ಎಕ್ಸ್ ಅಥವಾ 5 ಎಕ್ಸ್ ಗುಂಡಿ ಒತ್ತಿ. ಬೆನ್ನಿನ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಗುತ್ತದೋ ಅದೇ ಈಗ ಕೆಲಸ ಮಾಡುತ್ತಿರುವ ಲೆನ್ಸ್. 1 ಎಕ್ಸ್‌ನಲ್ಲೂ 3 ಎಕ್ಸ್‌ನಲ್ಲೂ ಅದೇ ಲೆನ್ಸ್ ಕಪ್ಪಾದರೆ ನಿಮ್ಮದು ಲೆಕ್ಕದ ಝೂಮ್. ಇದೇ ಪರೀಕ್ಷೆಯನ್ನು ಬಿಸಿಲಿನಲ್ಲಿ ಒಮ್ಮೆ, ತೋಟದ ನೆರಳಿನಲ್ಲಿ ಒಮ್ಮೆ ಮಾಡಿ. ದೂರದ ಲೆನ್ಸ್ ಇರುವ ಫೋನುಗಳೂ ಬೆಳಕು ಕಡಿಮೆ ಇದ್ದಾಗ, ವಸ್ತು ತೀರಾ ಹತ್ತಿರ ಇದ್ದಾಗ ಸದ್ದಿಲ್ಲದೆ ಮುಖ್ಯ ಲೆನ್ಸಿಗೆ ಹೋಗಿ, ಅದನ್ನೇ ಎಳೆದು ಕೊಡುತ್ತವೆ. ಪರದೆಯಲ್ಲಿ ಮಾತ್ರ 3 ಎಕ್ಸ್ ಎಂದೇ ಬರೆದಿರುತ್ತದೆ.

ಹಳೇ ಡಿಜಿಟಲ್ ಕ್ಯಾಮರಾ ಮನೆಯಲ್ಲಿದ್ದರೆ ಅದನ್ನು ಮೂಲೆಗೆ ಹಾಕಬೇಡಿ. ಮೂತಿ ಹೊರಗೆ ಬರುವಂಥದ್ದರಲ್ಲಿ ನಿಜವಾದ ಝೂಮ್ ಇರುತ್ತದೆ. ಝೂಮ್ ಪಟ್ಟಿಯಲ್ಲಿ ನಡುವೆ ಒಂದು ಗೆರೆ ಕಾಣುತ್ತದೆ. ಗೆರೆಯವರೆಗೆ ಗಾಜಿನದು, ಆಚೆ ಲೆಕ್ಕದ್ದು. ಆ ಕಾಲದ ಜಾಹೀರಾತಿನಲ್ಲಿ 3 ಎಕ್ಸ್ ಗಾಜಿಗೆ 4 ಎಕ್ಸ್ ಲೆಕ್ಕ ಗುಣಿಸಿ ‘12 ಎಕ್ಸ್’ ಎಂದು ದೊಡ್ಡದಾಗಿ ಹಾಕುತ್ತಿದ್ದರು. ಮೆನುವಿನಲ್ಲಿ ಡಿಜಿಟಲ್ ಝೂಮ್ ಆಫ್ ಮಾಡಿ ಇಟ್ಟರೆ ತಲೆಬಿಸಿ ಇಲ್ಲ.

ಬೆಳೆ ಸಮೀಕ್ಷೆಯಲ್ಲಿ ಝೂಮ್ ಬೇಡ

2020ರಿಂದ ರೈತರೇ ಆ್ಯಪ್‌ನಲ್ಲಿ ತಮ್ಮ ಬೆಳೆ ಸಮೀಕ್ಷೆ ಮಾಡುವ ಕ್ರಮ ಬಂದಿದೆ. ಬೆಳೆ ವಿಮೆ, ಬೆಂಬಲ ಬೆಲೆ, ಪರಿಹಾರ ಎಲ್ಲಕ್ಕೂ ಈ ಮಾಹಿತಿಯೇ ಆಧಾರ. ಇಲ್ಲಿ ಚಿತ್ರದ ಸ್ಪಷ್ಟತೆಗಿಂತ ಬೇರೆ ಒಂದು ವಿಷಯ ನೆನಪಿರಲಿ. ಫೋಟೋದ ಜೊತೆ ಜಿಪಿಎಸ್ ದಾಖಲಾಗುತ್ತದೆ. ದಾಖಲಾಗುವುದು ಫೋನ್ ಎಲ್ಲಿದೆಯೋ ಆ ಜಾಗ, ಚಿತ್ರದಲ್ಲಿ ಕಂಡ ಜಾಗ ಅಲ್ಲ. ಹೊಳೆಯಾಚೆಗಿನ ಗದ್ದೆಗೆ ಈಚೆ ದಂಡೆಯಿಂದ ಝೂಮ್ ಹಾಕಿ ತೆಗೆದರೆ ಚಿತ್ರದಲ್ಲಿ ನಿಮ್ಮ ಭತ್ತ, ದಾಖಲೆಯಲ್ಲಿ ಇನ್ನೊಬ್ಬರ ಸರ್ವೆ ನಂಬರ್. ಗದ್ದೆಗೆ ಇಳಿದು, ನಡುವೆ ನಿಂತು, 1 ಎಕ್ಸ್‌ನಲ್ಲಿ ತೆಗೆಯಿರಿ. ದಟ್ಟ ತೋಟದೊಳಗೆ ಜಿಪಿಎಸ್ ಆಚೀಚೆ ಓಡುವುದುಂಟು, ಸ್ವಲ್ಪ ಬಯಲು ಇರುವಲ್ಲಿ ನಿಂತು ಒಂದು ನಿಮಿಷ ತಡೆದು ಒತ್ತಿ.

ಮಂಗನ ಹಿಂಡು, ತೋಟಕ್ಕೆ ಬಂದ ಹಂದಿ, ಹಾವು, ಇವಕ್ಕೆಲ್ಲ ಎಷ್ಟು ಬೇಕಾದರೂ ಝೂಮ್ ಮಾಡಿ. ಅಲ್ಲಿ ಬೇಕಾದದ್ದು ಬಂದಿತ್ತು ಎಂಬ ಸಾಕ್ಷಿ, ಮೀಸೆಯ ಲೆಕ್ಕ ಅಲ್ಲ. ಹಾವಿನ ಹತ್ತಿರ ಹೋಗಿ ಎಂದು ನಾನಂತೂ ಹೇಳುವುದಿಲ್ಲ.

ಫೋಟೋ ಎಷ್ಟೇ ಚೆನ್ನಾಗಿದ್ದರೂ ಎಲೆಚುಕ್ಕಿಯಲ್ಲಿ ಒಂದು ಹಂತದ ಆಚೆ ಅದು ಸಾಲದು. ಅಡಿಕೆಯ ಎಲೆಚುಕ್ಕಿಗೆ ಕೊಲೆಟೊಟ್ರೈಕಮ್, ಫಿಲ್ಲೊಸ್ಟಿಕ್ಟ ಎಂಬ ಬೇರೆ ಬೇರೆ ಶಿಲೀಂಧ್ರಗಳು ಕಾರಣವಾಗುತ್ತವೆ. ಯಾವುದು ಎಂದು ಖಚಿತ ಮಾಡಲು ಸೂಕ್ಷ್ಮದರ್ಶಕವೇ ಬೇಕು. ಫೋಟೋ ನೋಡಿ ಸಂಶಯ ಗಟ್ಟಿಯಾದರೆ ಎಲೆಯನ್ನೇ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ವಿಟ್ಲ ಅಥವಾ ಕಾಸರಗೋಡಿನ ಸಿಪಿಸಿಆರ್‌ಐಗೋ ತಲುಪಿಸಿ. ಅರ್ಧ ರೋಗ, ಅರ್ಧ ಹಸಿರು ಇರುವ ಎಲೆ ಆರಿಸಿ, ಪೂರ್ತಿ ಒಣಗಿದ್ದು ಬೇಡ. ಮೇಲಿನ ನೀರು ಒರೆಸಿ, ಹಳೇ ಪೇಪರಿನ ಮಡಿಕೆಯಲ್ಲಿ ಇಡಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿದರೆ ಬೆವತು, ತಲುಪುವಷ್ಟರಲ್ಲಿ ಬೂಸ್ಟು ಬಂದು ಬೇರೆಯೇ ರೋಗವಾಗಿರುತ್ತದೆ. ಊರು, ಮರದ ಪ್ರಾಯ, ಯಾವ ತಿಂಗಳಲ್ಲಿ ಶುರುವಾಯಿತು, ಕೊನೆಯ ಸಲ ಯಾವ ಮದ್ದು ಯಾವಾಗ ಹೊಡೆದದ್ದು, ಇಷ್ಟನ್ನು ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆದು ಜೊತೆಗಿಡಿ. ಪೆನ್ನಿನದ್ದಾದರೆ ಒದ್ದೆಗೆ ಹರಡುತ್ತದೆ.